ಏಳು ಪಟ್ಟೆಯ ಕುಂಬಳ

ಏಪ್ರಿಲ್ 3

ಬೆಳಗ್ಗೆ ಮೂರು ಕಟಿಂಗ್, ಒಂದು ಕಲರಿಂಗ್. ಮಧ್ಯಾಹ್ನ ಸಲೂನಿನಲ್ಲಿ ನೊಣ ಹೊಡೆಯುವ ಕೆಲಸ. ಬೀಜದ ಕ್ಯಾಟಲಾಗ್ ತೆಗೆದು ಕೂತೆ. ಹಳದಿ ಜುಕಿನಿ, ಗುಂಡು ಜುಕಿನಿ, ಅಂಚಿಗೆ ಫ್ರಿಲ್ ಹೊಲಿದಂತಿರುವ ಬಿಳಿ ಸ್ಕ್ವಾಷ್... ಎಲ್ಲವೂ ಬೇಕು. ಹಿತ್ತಲು ಇರುವುದೋ ಮೂರು ಮಂಚದಷ್ಟು. ತಿನ್ನುವವರು ಯಾರು ಎಂದು ಯಜಮಾನರು ಕೇಳಿದರು. ಕೇಳಿಸದವಳಂತೆ ಹಳದಿಯದಕ್ಕೂ ಫ್ರಿಲ್‌ನದಕ್ಕೂ ಗುರುತು ಹಾಕಿದೆ. ಇವೆರಡೂ ಬೇಸಿಗೆಯ ಕುಂಬಳಗಳು, ಎಳೆಯದರಲ್ಲೇ ಕಿತ್ತು ತಿನ್ನಬೇಕು. ಚಳಿಗಾಲಕ್ಕೆ ಉಳಿಯುವ ಜಾತಿ ಈ ಸಲ ಕೊಳ್ಳುವಂತಿಲ್ಲ. ನಾಳೆ ಅಕ್ಕ ಲಕೋಟೆ ತರುತ್ತಾಳೆ.

ಏಪ್ರಿಲ್ 4, ಸಂಜೆ

ತಂದಳು. ಲಕೋಟೆಯ ಮೇಲೆ ಅಮ್ಮನ ಕೋಳಿಕಾಲು ಅಕ್ಷರ, ಆರು ವರ್ಷ ಹಿಂದಿನ ತಾರೀಕು. ಒಳಗೆ ಐದೇ ಬೀಜ.

ಅಮ್ಮನ ಕುಂಬಳ. ಕಡುಹಸಿರು ಮೈ, ಏಳು ಬಿಳಿ ಪಟ್ಟೆ. ಚಳಿಗಾಲವಿಡೀ ಮಂಚದ ಕೆಳಗೆ ಕೆಡದೆ ಕೂರುತ್ತಿತ್ತು. ಅಮ್ಮ ಹೋದ ಮೇಲೆ ಅಕ್ಕ ಬೆಳೆಸಿದಳು. ಪಕ್ಕದ ಮನೆಯ ಜುಕಿನಿಯ ಪರಾಗ ಬೆರೆತು, ಕಳೆದ ವರ್ಷ ಹುಟ್ಟಿದ್ದು ಜುಕಿನಿಯ ಮೂತಿ, ಕುಂಬಳದ ಹೊಟ್ಟೆ. ರುಚಿ ಮಾತ್ರ ನೆನೆದ ರಟ್ಟಿನದು. ಆಮೇಲೆ ಅವಳು ಮೂರನೇ ಮಹಡಿಯ ಫ್ಲ್ಯಾಟಿಗೆ ಹೋದಳು.

"ನನ್ನ ಕೈಲಿ ಕೆಟ್ಟುಹೋಯ್ತು ಕಣೇ. ಇನ್ನಿರೋದು ಇಷ್ಟೇ. ನೀನೇ ನೋಡ್ಕೋ."

ನಗುತ್ತಲೇ ಹೇಳಿದಳು. ಆದರೆ ಟೀ ಆರಿಹೋಗುವ ತನಕ ಕುಡಿಯಲಿಲ್ಲ.

ಏಪ್ರಿಲ್ 19

ಐದರಲ್ಲಿ ಮೂರು ತಲೆ ಎತ್ತಿವೆ. ನಾನು ಕುಣಿಯುವುದೊಂದು ಬಾಕಿ. ಎರಡು ಹಿತ್ತಲಿಗೆ. ಒಂದನ್ನು ಅಕ್ಕನಿಗೆಂದು ಒಯ್ದರೆ, ಬೇಡವೇ ಬೇಡ ಎಂದಳು. ಕುಂಡವನ್ನು ಬಾಲ್ಕನಿಯಲ್ಲಿಟ್ಟು ಹಿಂದೆ ನೋಡದೆ ಬಂದೆ.

ಜೂನ್ 22

ಜಾತಿ ಬೆರೆಯುತ್ತದೆ ಎಂದು ಬೀಜದಂಗಡಿಯವನು ಸುಮ್ಮನೆ ಹೆದರಿಸಿಲ್ಲ. ಜುಕಿನಿಯೂ ಅಮ್ಮನ ಕುಂಬಳವೂ ಒಂದೇ ಕುಲ. ಬೀದಿಯಲ್ಲೆಲ್ಲ ಜುಕಿನಿ, ಜೇನ್ನೊಣಕ್ಕೆ ಬೇಲಿಯ ಹಂಗಿಲ್ಲ. ಉಪಾಯವನ್ನೂ ಅವನೇ ಹೇಳಿದ: ನಾಳೆ ಅರಳುವ ಮೊಗ್ಗಿನ ಬಾಯಿ ಇವತ್ತು ಸಂಜೆಯೇ ಮುಚ್ಚು. ಬೆಳಗ್ಗೆ ಬಿಡಿಸಿ, ಅದೇ ಜಾತಿಯ ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಿ, ಮತ್ತೆ ಮುಚ್ಚು.

ಮುಚ್ಚುವುದಕ್ಕೆ ನನ್ನಲ್ಲಿ ಇರುವಷ್ಟು ಸಾಮಾನು ಇನ್ನಾರ ಬಳಿ ಇದೆ... ಸಲೂನಿನ ಕೊಕ್ಕಿನ ಕ್ಲಿಪ್ಪು, ಎರಡು ಡಜನ್.

ಜುಲೈ 1

ಜುಕಿನಿ ಹುರಿದಾಯಿತು, ಬೇಯಿಸಿದ್ದಾಯಿತು, ತುರಿದು ಹಿಟ್ಟಿಗೆ ಬೆರೆಸಿದ್ದೂ ಆಯಿತು. ಕಟಿಂಗ್ ಮಾಡಿಸಿದವರಿಗೆ ಒಂದು ಉಚಿತ. ಪೋಸ್ಟ್‌ಮನ್ ಈಗ ಗೇಟಿನಿಂದಲೇ ಕಾಗದ ಎಸೆದು ಓಡುತ್ತಾನೆ. ಅಕ್ಕನ ಬಾಲ್ಕನಿಯ ಬಳ್ಳಿಯಲ್ಲಿ ಬರೀ ಗಂಡು ಹೂವಂತೆ. ಉಂಡಾಡಿಗಳು, ಒಂದೂ ಪ್ರಯೋಜನಕ್ಕಿಲ್ಲ ಎಂದು ಫೋನಿನಲ್ಲಿ ಬೈದಳು.

ಜುಲೈ 9, ಬೆಳಗ್ಗೆ 9

ನಾಲ್ಕು ಹೆಣ್ಣು ಮೊಗ್ಗಿಗೆ ನಿನ್ನೆ ಕ್ಲಿಪ್ಪು ಹಾಕಿದ್ದೆ. ಬೆಳಗ್ಗೆ ಹೋದರೆ ನಾಲ್ಕೂ ಬಾಯಿ ಬಿಟ್ಟುಕೊಂಡಿವೆ, ಒಳಗೆ ಜೇನ್ನೊಣಗಳ ಸಂತೆ. ಕ್ಲಿಪ್ಪುಗಳು ಅಡುಗೆಮನೆಯ ಕಿಟಕಿಯಲ್ಲಿ, ತೊಳೆದು, ಒರೆಸಿ, ಸಾಲಾಗಿ.

"ಗಿಡದ ಮೇಲೆಲ್ಲ ಬಿದ್ದಿದ್ವು. ತುಕ್ಕು ಹಿಡಿಯುತ್ತೆ ಅಂತ ಎತ್ತಿಟ್ಟೆ," ಅಂದರು ಯಜಮಾನರು. ಮೆಚ್ಚುಗೆ ಬೇರೆ ಕಾಯುತ್ತಿದ್ದರು.

ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನದೊಂದು ವಸ್ತುವನ್ನು ಅದರ ಜಾಗಕ್ಕೆ ಸೇರಿಸಿದ್ದಾರೆ. ಪಿತ್ತ ನೆತ್ತಿಗೇರಿತು.

ಜುಲೈ 10

ಮಾತಿಲ್ಲ.

ಜುಲೈ 11

ಮಾತಿಲ್ಲ. ಪಾತ್ರೆ ಅವರೇ ತೊಳೆದರು.

ಆಗಸ್ಟ್ 2, ಸಂಜೆ

ಎಲೆಗಳಿಗೆ ಬಿಳಿ ಬೂಷ್ಟು. ಬಳ್ಳಿಗಳು ಸೋತಿವೆ. ಆ ನಾಲ್ಕು ಕಾಯಿ ಬಲಿಯುತ್ತಿವೆ, ಆದರೆ ಒಳಗಿನ ಬೀಜದ ಅಪ್ಪ ಯಾರೋ. ಇವತ್ತು ಬೇಲಿಯ ಮೂಲೆಯಲ್ಲಿ ಇನ್ನೊಂದು ಹೆಣ್ಣು ಮೊಗ್ಗು ಕಂಡೆ. ಇದೇ ಕೊನೆಯದು. ನಾಳೆ ಅರಳುತ್ತದೆ, ಕ್ಲಿಪ್ಪು ಹಾಕಿದ್ದೇನೆ. ಎರಡು ಬಳ್ಳಿ ಜಾಲಾಡಿದರೂ ಗಂಡು ಹೂವು ಒಂದಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಕೇಳಿದ್ದು ಒಂದೇ — ಮೊದಲ ಬಸ್ಸು ಎಷ್ಟು ಹೊತ್ತಿಗೆ.

ಆಗಸ್ಟ್ 3, ಬೆಳಗ್ಗೆ 10

ಅಕ್ಕ ಏಳೂವರೆಗೆ ಬಂದಳು. ತಲೆ ಬಾಚಿಲ್ಲ. ಮಡಿಲಲ್ಲಿ ಊಟದ ಡಬ್ಬಿ. ಮುಚ್ಚಳ ತೆಗೆದರೆ ಒದ್ದೆ ಬಟ್ಟೆಯ ಮೇಲೆ ಮೂರು ಉಂಡಾಡಿಗಳು, ಒಬ್ಬೊಬ್ಬರ ಬಾಯಿಗೂ ಬಟ್ಟೆ ಒಣಹಾಕುವ ಕ್ಲಿಪ್ಪು.

ನೀನೇ ಸವರು ಅಂದೆ. ಹಿಂದೆ ಸರಿದಳು.

"ನನ್ನ ಕೈ ಬೇಡ. ಒಂದ್ಸಲ ಕೆಡಿಸಿದ್ದು ಸಾಲದಾ?"

"ಕೆಡಿಸಿದ್ದು ಜೇನ್ನೊಣ. ಹೂವು ತಂದಿರೋದು ನೀನು. ಸವರು."

ಸವರಿದಳು. ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ. ಕ್ಲಿಪ್ಪು ಮತ್ತೆ ನಾನು ಹಾಕಿದೆ. ಯಜಮಾನರು ಕುರ್ಚಿ ತಂದು ಬಳ್ಳಿಯ ಪಕ್ಕ ಪೇಪರ್ ಹಿಡಿದು ಕೂತಿದ್ದಾರೆ, ಕಾವಲಿಗೆ. ಕ್ಲಿಪ್ಪು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದಾರೆ. ಅಕ್ಕನೂ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನವೆಂಬರ್ 16

ಅಕ್ಕ ಸವರಿದ ಹೂವಿನದು, ಗುರುತಿಗೆ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದ ಕಾಯಿಯನ್ನು ಇವತ್ತು ಹೆಚ್ಚಿದೆವು. ಅಮ್ಮನ ಕಾಲದ್ದೇ ಸಿಹಿ. ನೂರ ಹನ್ನೆರಡು ಬೀಜ. ಆದರೆ ಬೀಜ ನೋಡಿದರೆ ಗುಟ್ಟು ತಿಳಿಯದು. ಬಿತ್ತಿ, ಕಾಯಿ ಹಿಡಿದ ಮೇಲೆ ಪಟ್ಟೆ ಇದ್ದರೆ ಗೆದ್ದಂತೆ. ಹೊಸ ಲಕೋಟೆಯ ಮೇಲೆ ಅಕ್ಕನ ಕೈಯಲ್ಲೇ ತಾರೀಕು ಬರೆಸಿದೆ.

ಜೂನ್ 30, ಬೆಳಗ್ಗೆ

ಹೊಸ ಬೀಜದ ಬಳ್ಳಿಯಲ್ಲಿ ಮೊದಲ ಹೂವಿನ ಹಿಂದೆ ಕಾಯಿ. ಹೆಬ್ಬೆರಳಷ್ಟು. ಕನ್ನಡಕ ಹಾಕಿಕೊಂಡು ಮಂಡಿಯೂರಿ ಎಣಿಸಿದೆ. ಯಜಮಾನರೂ ಎಣಿಸಿದರು, ಎರಡು ಸಲ. ಏಳು. ಬೇರೆ ಐದು ಬಳ್ಳಿಯಲ್ಲೂ ಏಳೇ.

ಹೊಟ್ಟೆಗೆ ಹಾಲೆರೆದಂತಾಯಿತು. ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಇದು ಅಕ್ಕನಿಗೆ ಫೋನಿನಲ್ಲಿ ಹೇಳುವ ಮಾತಲ್ಲ. ಸಲೂನಿಗೆ ರಜೆ. ಕಾಯಿಯನ್ನು ತೊಟ್ಟು ಸಮೇತ ಡಬ್ಬಿಯಲ್ಲಿ, ಒದ್ದೆ ಬಟ್ಟೆಯ ಮೇಲೆ ಇಟ್ಟಾಗಿದೆ. ಒಂದು ಹೋದರೆ ಹೋಗಲಿ. ಎಂಟೂ ಹತ್ತರ ಬಸ್ಸು, ಚಪ್ಪಲಿ ಎಲ್ಲಿ—