ಕಮಾನ ಗಾಡಿನೋ, ತಂಬಿನ ಗಾಡಿನೋ

ಮಸಗುಪ್ಪಿ, ತಾ. ಗೋಕಾಕ
೫-೩-೧೯೫೮

ಕಣಗಲಾ ಊರಾಗ ಮಗಳ ಮನ್ಯಾಗಿರೂ ನಮ್ಮ ಅಪ್ಪಣ್ಣನ ಅವ್ವಗ, ಬಸವಣ್ಣ ಚಲೋ ಇಟ್ಟಿರಲಿ ಅಂತ ಬೇಡಕೊಂಡು ಮುರಿಗೆಪ್ಪ ಬರಿಯೂದು.

ನಿನ್ನ ಮೊಣಕಾಲ ಬ್ಯಾನಿ ಹೆಂಗ ಐತಿ? ಕುಸುಬಿ ಎಣ್ಣಿ ಕಾಸಿ ತಿಕ್ಕಾಕ ಮಗಳು ಯಮನವ್ವಗ ಹೇಳು, ನೀನ ಬಗ್ಗಿ ತಿಕ್ಕೋಬ್ಯಾಡ. ಇಲ್ಲಿ ಎಲ್ಲಾರೂ ಆರಾಮ ಅದೇವಿ. ಕರೀ ಎಮ್ಮಿ ಮಾತ್ರ ಸೊಸಿ ಚನ್ನವ್ವನ ಕೈಗೆ ಹಾಲ ಬಿಡವಲ್ದು, ನಿನ್ನ ದಾರಿ ಕಾಯಾಕತ್ತೈತಿ. ಹುಕ್ಕೇರಿ ಲಗ್ನಾ ಮುಗಿಸಿ ನೀ ನಮ್ಮ ಜೋಡಿ ಬರಲಾರದ ಆ ಕಡೆ ಹೋಗಿ ಮೂರ ತಿಂಗಳಾತು. ನಾಕ ದಿನಾ ಇದ್ದು ಬರ್ತಾಳ ಅಂತ ನಾನೂ ಸುಮ್ಮನಿದ್ನಿ. ನೀ ಏನ ಹಟಮಾರಿ ಮಾರಾಯ್ತಿ!

ಈಗ ಬರಿಯೂ ಕಾರಣ ಅಂದ್ರ ಗಾಡಿ. ಯುಗಾದಿ ಆದ ಮ್ಯಾಲೆ ಮೊಮ್ಮಕ್ಕಳನ್ನ ಕಟಗೊಂಡ ಕೂಡಲ ಸಂಗಮಕ್ಕ ಹೋಗೂನು ಅಂತ ವರ್ಷದಿಂದ ಬೆನ್ನ ಹತ್ತಿದಾಕಿ ನೀನ. ಹೋಗಾಕ ಬರಾಕ ಎಂಟ ದಿನಾ ಗಾಡ್ಯಾಗ ಸಂಸಾರ ಮಾಡಬೇಕು. ಅಪ್ಪಣ್ಣ ಅಂತಾನ, ಹುಕ್ಕೇರಿಗೆ ಒಯ್ದ ಮಿಲ್ಟ್ರಿ ತಂಬು ಐತೆಲ್ಲ, ಬಯಲಗಾಡ್ಯಾಗ ಅದನ್ನ ಹೇರಕೊಂಡ ಹೋದ್ರಾತು, ಇಳದಲ್ಲೆ ನಾಕ ಗೂಟಾ ಬಡದ್ರ ಅರಮನಿ. ಹುಡುಗೂರೂ ಅವನ ಕಡೆನ. ಅಂಗಳದಾಗ ತಂಬು ಹೊಡದು ಅದರಾಗ ಕುಂತ ಉಣ್ಣಾಕತ್ತಾವು. ಚನ್ನವ್ವ ಬ್ಯಾರೆ ಅಂತಾಳ. ಮೂಡಲಗಿ ಬಡಿಗ್ಯಾ ಕೇದಾರಿನ್ನ ಕರಿಸ್ಯಾಳ. ಅವ ಬಂದು ಗಾಡಿ ಸುತ್ತ ಎರಡ ಸುತ್ತ ಹಾಕಿ, ಬಿದರ ಬಗ್ಗಿಸಿ ಕಮಾನ ಕಟ್ಟಿ ಚಾಪಿ ಹೊದಿಸಿ ಗಟ್ಟಿ ಮಾಡಿಕೊಡ್ತೇನ್ರಿ, ಹಾದ್ಯಾಗೂ ನೆರಳು, ಮಲಗಾಕೂ ಸೂರು ಅಂದ. ಮಾತು ಖರೆ. ಆದ್ರ ಕಮಾನ ವಜ್ಜಿ ಆಗತೈತಿ, ಬಯಲ ಗಾಳಿಗೆ ಜಗ್ಗತೈತಿ, ಮತ್ತ ನಮ್ಮ ಬಿಳೇ ಎತ್ತಿಗೂ ನನ್ನಂಗ ವಯಸ್ಸಾಗೈತಿ. ತಂದಿ ಮಗಾ ಸೊಸಿ ಮೂರೂ ಮಂದಿ ಎಂಟ ದಿನದಿಂದ ಜಗಳಾಡಿ ಸಾಕಾದ್ವಿ.

ನಾ ಮೊದಲ ತಂಬಿನ ಕಡೆ ಇದ್ನಿ. ಈಗ ಅದನ್ನ ನೋಡಿದಾಗೊಮ್ಮೆ ಧುಪದಾಳ ನೆನಪಾಗತೈತಿ. ಲಗ್ನಕ್ಕ ಹೋಗೂಮುಂದ ಅಲ್ಲಿ ಒಡ್ಡಿನ ಬಾಜೂ ಗಾಡಿ ಬಿಟ್ಟು, ತಂಬು ಹೊಡದು, ರೊಟ್ಟಿ ಉಂಡು, ಮತ್ತ ಎಲ್ಲಾ ಸುತ್ತಿ ಹೇರಿದ್ವಿ. ಸುತ್ತಿದ ತಂಬು ಗಾಡಿ ನಡುವ ಗುಡ್ಡದಂಗ ಕುಂತಿತ್ತು. ಮುಂದ ಕುಂತ ನಾವು ನೀ ಹಿಂದ ಅದಿ ಅಂತ ತಿಳದ್ವಿ, ಹಿಂದ ಕುಂತ ಚನ್ನವ್ವ ನೀ ಮುಂದ ಅದಿ ಅಂತ ತಿಳದ್ಲು. ನೀ ಹೊಳಿ ದಂಡ್ಯಾಗ ಪಾತ್ರೆ ತೊಳಿಯಾಕತ್ತಿದ್ದಿ. ಕೂಗೀದಿ ಅಂತ, ಒಡ್ಡಿನ ನೀರಿನ ಸಪ್ಪಳದಾಗ ನಮಗ ಕೇಳಲಿಲ್ಲ. ಒಂದ ಮೈಲ ದಾಟಿದ ಮ್ಯಾಲೆ ಸಣ್ಣ ಕೂಸು ಆಯಿ ಎಲ್ಲಿ ಅಂತು. ಆಗ ಗಾಡಿ ನಿಲ್ಲಿಸಿದ್ವಿ. ಬುಟ್ಟಿ ಟೊಂಕದ ಮ್ಯಾಲೆ ಇಟಗೊಂಡು, ಕುಂಟಕೋತ, ಧೂಳದಾಗ ನೀ ಬಂದಿ.

ನಾ ನಕ್ಕನಿ. ದಾರಿ ಗೊತ್ತಿತ್ತಲ್ಲ, ಹೆಂಗೂ ಬರಾಕಿನ ಅಂದ್ನಿ. ಅಷ್ಟಕ್ಕ ಬಿಡಲಿಲ್ಲ, ಲಗ್ನದ ಹಂದರದಾಗ ಬೀಗರ ಮುಂದೆಲ್ಲಾ ಹೇಳಿ ನಗಿಸಿದ್ನಿ. ನೀ ಹೊರಡೂಮುಂದ ಅಂದಿ: ನಿಮ್ಮ ಗಾಡ್ಯಾಗ ನನಗ ಜಾಗಾ ಇಲ್ಲ, ನಾ ಮಗಳ ಕಡೆ ಹೋಗ್ತೇನಿ. ಆ ಮಾತು ನನ್ನ ಎದಿಯಾಗ ಮುಳ್ಳಿನಂಗ ಕುಂತೈತಿ.

ಅದಕ್ಕ ಕಮಾನ ಗಾಡಿನ ಆಗಲಿ ಅಂದೇನಿ. ನಡುವ ಹೇರು ಇಲ್ಲ, ಒಬ್ಬರ ಮಾರಿ ಒಬ್ಬರಿಗೆ ಕಾಣಸತೈತಿ. ಮೊಣಕಾಲ ಚಾಚಾಕ ನಿನಗ ಹಿಂದ ಹಲಗಿ ಉದ್ದ ಬಿಡ ಅಂತ ಕೇದಾರಿಗೆ ಹೇಳೇನಿ. ನೀ ಬ್ಯಾಡ ಅಂದ್ರ ತಂಬ ಇರಲಿ, ನಿನ್ನ ಮಾತ ಕಡೀ ಮಾತು. ಯಮನವ್ವಗೂ ಅಕಿ ಮಕ್ಕಳಿಗೂ ನನ್ನ ಆಶೀರ್ವಾದ, ಅಳಿಯಗೋಳಿಗೆ ಶರಣು.

ನಿನ್ನ ಮನಿಯಾಂವ
ಮುರಿಗೆಪ್ಪ

ತಾ.ಕ.: ಟಪಾಲಿನವ ಬಾಗಲದಾಗ ನಿಂತಾನ. ತಪ್ಪು ತಂಬಿಂದಲ್ಲ, ನಂದು. ಅವತ್ತು ಎತ್ತ ಹೂಡೂಮುಂದ ನಾ ಎಲ್ಲಾರ ಹೆಸರು ಹಿಡದ ಕರದಿದ್ನಿ. ಅಪ್ಪಣ್ಣ ಓ ಅಂದ, ಚನ್ನವ್ವ ಓ ಅಂದ್ಲು, ಹುಡುಗೂರು ಓ ಅಂದ್ವು. ನಿನ್ನ ಹೆಸರೊಂದ ಕರೀಲಿಲ್ಲ. ಗಂಡ ಹೆಂಡ್ತಿ ಹೆಸರು ಹಿಡದು ಕರಿಯೂದು ನಮ್ಮ ಮನಿತನದಾಗ ಎಲ್ಲೈತಿ? ಮೂವತ್ತೆರಡ ವರ್ಷ ಕರದಿಲ್ಲ. ನಿನ್ನೆ ಹಿತ್ತಲದಾಗ ನಿಂತು ಕರದ ನೋಡಿದ್ನಿ, ಮೂರನೇ ಸಲ ಬಾಯಿಗೆ ಬಂತು. ಅದನ್ನ ಕೇಳಿ ಒಳಗ ಚನ್ನವ್ವ ಕೈಯಾಗಿನ ಮಜ್ಜಿಗಿ ಗಡಗಿ ಬಿಟ್ಲು. ಇನ್ನ ಮ್ಯಾಲೆ ಗಾಡಿ ಹೂಡೂಮುಂದ ಮೊದಲನೇ ಹೆಸರು ನಿಂದ. ಅಳಿಯಗೋಳು ಇದನ್ನ ಎಲ್ಲಾರ ಮುಂದ ಗಟ್ಯಾಗಿ ಓದಲಿ, ಮಂದಿ ನಕ್ಕರ ಈ ಸಲ ನನ್ನ ನೋಡಿ ನಗಲಿ. ಬರೂ ಸೋಮವಾರ ಗಾಡಿ ತೊಗೊಂಡು ನಾನ ಬರ್ತೇನಿ. ಬಾಗಲದಾಗ ನಿಂತು ಕರಿತೇನಿ, ಓ ಅನ್ನು ಲಕ್ಕವ್ವಾ.