ನವಿಲಿನಲ್ಲಿ ಎಲುಬಿಲ್ಲ

ಶಹಾಪುರ
ಬುಧವಾರ, ೯ ಏಪ್ರಿಲ್ ೨೦೨೫

ಮಲ್ಲೇಶ್ವರಿ,

ಹೆಸರಿನ ಮುಂದೆ ಹಚ್ಚಲು ಒಂದು ಮಾತು ಹುಡುಕಿದೆ. 'ಪ್ರೀತಿಯ' ಅಂತ ಬರೆದರೆ ಕೈ ಉರಿಯುತ್ತದೆ. 'ಶ್ರೀಮತಿ' ಅಂತ ಬರೆದರೆ ನನಗೇ ನಗು ಬರುತ್ತದೆ. ಎರಡು ಹಾಳೆ ಹರಿದಾಗಿದೆ, ಇದು ಮೂರನೆಯದು. ಬರೀ ಹೆಸರಿನಿಂದಲೇ ಶುರು ಮಾಡುತ್ತೇನೆ.

ಡಬ್ಬಿ ಬಂತು. ಮೂರು ವರ್ಷದಿಂದ ನಾನು ಮಾಡಿದ ಸಕ್ಕರೆ ಹೂವು, ಸಕ್ಕರೆ ಗೊಂಬೆ ಹೊತ್ತುಕೊಂಡು ಶಹಾಪುರದಿಂದ ಸುರಪುರಕ್ಕೆ ನಿನ್ನ ಕೇಕಿಗಾಗಿ ಓಡಾಡಿದ ಅದೇ ಸ್ಟೀಲ್ ಡಬ್ಬಿ. ತಿರುಗಿ ಬರುವಾಗ ಅದರಲ್ಲಿ ಶೇಂಗಾ ಹೋಳಿಗೆ ಇರುತ್ತಿತ್ತು, ಇಲ್ಲವೆ ಎರಡು ಬಾಳೆಹಣ್ಣು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಬರಿದು ಡಬ್ಬಿ ಕಳಿಸುವ ಪದ್ಧತಿ ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಇವತ್ತು ಬರಿದು ಬಂತು. ತಳದಲ್ಲಿ ನಿನ್ನ ಚೀಟಿ:

"ಪರಿಮಳಾ, ಕೇಕಿಗಿ ಜಿಲಾಟಿನ್ ಹಾಕಿದಾಕಿ ನಾನೇ, ಮಲ್ಲೇಶ್ವರಿಗಿ ಗೊತ್ತಿರಲಿಲ್ಲ ಅಂತ ಬರದು ಸಹಿ ಮಾಡಿ ಶುಕ್ರವಾರದ ಬಸ್ಸಿಗಿ ಕಳಸು. ಅತ್ತಿ ಮುಂದ ಓದಬೇಕು, ಇಲ್ಲಂದ್ರ ಮನ್ಯಾಗ ಒಲಿ ಹಚ್ಚಾಕ ಬಿಡಂಗಿಲ್ಲ. ಆಮ್ಯಾಲ ನಾವಿಬ್ಬರೂ ಮೊದಲಿನಂಗ ಕೆಲಸ ಮಾಡೂಣು. ಯಾರಿಗೂ ಗೊತ್ತಾಗದಂಗ."

ಯಾರಿಗೂ ಗೊತ್ತಾಗದಂಗ! ಇಷ್ಟು ದಿನ ಮತ್ತೇನು, ಡಂಗುರ ಹೊಡೆದು ಮಾಡುತ್ತಿದ್ದೆವೇನು?

ಫೋನ್ ಹಚ್ಚಿದರೆ ಕಟ್ ಮಾಡುತ್ತೀ. ಹಾಗಾಗಿ ಭಾನುವಾರ ನಿನ್ನ ಮನೆಯಲ್ಲಿ ನಡೆದದ್ದನ್ನು ನಾನು ಕೇಳಿದ್ದು ಕಂಡಕ್ಟರ್ ಹಸನಸಾಬನ ಬಾಯಿಂದ. ಅವನ ಮಗಳು ನಿನ್ನ ಮಗಳು ಶಿವರಂಜನಿಯ ಕ್ಲಾಸಿನವಳಲ್ಲವೆ, ಹುಟ್ಟುಹಬ್ಬಕ್ಕೆ ಅವ್ವನ ಜೊತೆ ಬಂದಿದ್ದಳಂತೆ. ಡಬ್ಬಿ ಕೈಗೆ ಕೊಡುತ್ತ ಹಸನಸಾಬ್ ಬಸ್ ಸ್ಟ್ಯಾಂಡಿನಲ್ಲೇ ಎಲ್ಲ ಹೇಳಿದ. ಕಲಬುರಗಿಯಲ್ಲಿ ಓದುವ ನಿನ್ನ ನಾದಿನಿಯ ಮಗಳು ಅಡಿಗೆಮನೆಯಿಂದ ಒಂದು ಖಾಲಿ ಪ್ಯಾಕೆಟ್ ಹಿಡಿದುಕೊಂಡು ಬಂದಳಂತೆ. "ಅತ್ತಿ, ಇದರಾಗ ಜಿಲಾಟಿನ್ ಅದ, ದನದ ಎಲುಬಿಂದ ತೆಗೀತಾರ" ಅಂದಳಂತೆ. ಆಗಿನ್ನೂ ಮೇಣಬತ್ತಿ ಹಚ್ಚಿರಲಿಲ್ಲ. ನಿನ್ನ ಅತ್ತೆ ಗೊಲ್ಲಾಳಮ್ಮ ಕೇಕನ್ನು ತಟ್ಟೆ ಸಮೇತ ಗಟಾರಕ್ಕೆ ಹಾಕಿಸಿದರಂತೆ.

"ನನ್ನ ಹೆಂಡತಿನೂ ಗಾಬರಿ ಆದಳ್ರಿ. ಅದು ಖರೇನ ದನದ್ದೋ, ಹಂದಿದೋ ಅಂತ ಆಕಿ ಕೇಳಿದ್ರ ಯಾರೂ ಹೇಳವಲ್ಲರು. ನಾವು ಚಪ್ಪಲಿ ಹಾಕ್ಕೊಳ್ಳೋದ್ರಾಗ ನೆಲ ಎರಡು ಸಲ ತೊಳಸಿದ್ರು ಅಂದಳು" ಅಂದ ಹಸನಸಾಬ್.

ಎರಡು ಸಲ ಯಾಕೆಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಒಂದು ಸಲ ಎಲುಬಿಗೆ. ಇನ್ನೊಂದು ಸಲ ನನ್ನ ಹೆಸರಿಗೆ. ಯಾಕೆಂದರೆ ಆ ಹೊತ್ತಿಗೆ ನೀನು ಮೂವತ್ತು ಮಂದಿಯ ಮುಂದೆ ಬಾಯಿ ತೆರೆದಿದ್ದೆಯಂತೆ: "ಅದು ನಾ ಮಾಡಿದ್ದಲ್ರಿ. ಶಹಾಪುರದ ಪರಿಮಳಾ ಅಂತ, ಹರಿಜನರಾಕಿ, ಆಕಿ ಕಳಿಸ್ಯಾಳ."

ಮೂರು ವರ್ಷ, ಮಲ್ಲೇಶ್ವರಿ. ನಾರಾಯಣಪುರದ ಕ್ವಾರ್ಟರ್ಸಿನಿಂದ ಹಿಡಿದು ನಿಮ್ಮ ಪೇಟೆಯ ಸಾಹುಕಾರರ ಮನೆಯವರೆಗೆ ಎಷ್ಟು ಕೇಕು ಹೋದವು! "ಎಷ್ಟು ಚಂದ ಗುಲಾಬಿ ಮಾಡ್ತಿಯವ್ವ" ಅಂತ ಹೊಗಳಿದವರಿಗೆಲ್ಲ ನೀನು ನಕ್ಕು ಸುಮ್ಮನಾದೆ. ನಾನೂ ಸುಮ್ಮನಿದ್ದೆ, ಹೊಟ್ಟೆಪಾಡು. ಆದರೆ ಮೂರು ವರ್ಷ ನಿನ್ನ ಬಾಯಿಗೆ ಬರದ ನನ್ನ ಹೆಸರು ಮೊದಲ ಸಲ ಬಂದದ್ದು ತಪ್ಪಿನ ಬೆನ್ನು ಹತ್ತಿ. ಇದನ್ನು ಬರೆಯುವಾಗ ಪೆನ್ನು ಹಾಳೆಯಲ್ಲಿ ತೂತು ಮಾಡುತ್ತದೆ. ಎದ್ದು ಒಂದು ತಂಬಿಗೆ ನೀರು ಕುಡಿದು ಬಂದೆ.

ಯಾದಗಿರಿಯ ಕೇಕಿನ ತರಬೇತಿ ನೆನಪಿದೆಯೆ? ಹತ್ತು ದಿನ, ಇಪ್ಪತ್ತೆರಡು ಹೆಂಗಸರು, ಇಬ್ಬರಿಗೆ ಒಂದು ಟೇಬಲ್. ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಮ್ಮು ಓದಿದ ಮೇಲೆ ನನ್ನ ಟೇಬಲ್ಲಿಗೆ ಯಾರೂ ಬರಲಿಲ್ಲ. ನೀನು ಬಂದೆ. "ಸರಿ ಆಕಡೆ, ನನಗ ಗಾಳಿ ಬೇಕು" ಅಂತ ಕಿಟಕಿಯ ನೆಪ ಹೇಳಿದೆ. ಆ ನೆಪವನ್ನು ನಾನು ಇಂದಿಗೂ ಮರೆತಿಲ್ಲ. ಮರೆತಿದ್ದರೆ ಈ ಕಾಗದ ಇಷ್ಟು ಉದ್ದ ಆಗುತ್ತಿರಲಿಲ್ಲ.

ಮೇಡಂ ಫಾಂಡೆಂಟ್ ಕಲಿಸಿದರು. ಹೋಳಿಗೆ ಕಣಕದ ಹಾಗೆ ಸಕ್ಕರೆ ಪುಡಿಯನ್ನು ನಾದುವುದು, ಲಟ್ಟಿಸುವುದು, ಕೇಕಿಗೆ ಹಚ್ಚಡದಂತೆ ಹೊದಿಸುವುದು. ಅಂಟಿಗೆ ಜಿಲಾಟಿನ್ ಹಾಕಿ ಅಂದರು. ಅದು ಯಾತರದ್ದು ಅಂತ ಕೇಳಿದವಳು ನಾನೊಬ್ಬಳೇ. "ಪಶುಮೂಲದ್ದು, ಮುಂದ ನಡೀರಿ" ಅಂದರು. ಊಟದ ಹೊತ್ತಿಗೆ ನಿನಗೆ ಬಿಡಿಸಿ ಹೇಳಿದ್ದೆ. ರಾಮಸಮುದ್ರದಲ್ಲಿ ನನ್ನ ತಾತ, ಅವ್ವನ ಅಪ್ಪ ಅಂಬ್ರಪ್ಪ, ಊರ ಸತ್ತ ದನ ಎಳೆಯುತ್ತಿದ್ದ, ಎಲುಬು ಬಿಸಿಲಿಗೆ ಹಾಕಿ ಒಣಗಿಸುತ್ತಿದ್ದ, ವರ್ಷಕ್ಕೊಮ್ಮೆ ಲಾರಿ ಬಂದು ಒಯ್ಯುತ್ತಿತ್ತು. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ತಾತನಿಗೆ ಗೊತ್ತಿರಲಿಲ್ಲ. ನನಗೆ ಆ ತರಬೇತಿಯಲ್ಲಿ ಗೊತ್ತಾಯಿತು. ನೀನು ರೊಟ್ಟಿ ಕೆಳಗಿಟ್ಟೆ. "ಹಂಗಾರ ನಾ ಈ ಕೆಲಸ ಹೆಂಗ ಮಾಡ್ಲಿ?" ಅಂತ ಕಣ್ಣಲ್ಲಿ ನೀರು ತಂದೆ.

ನಿನ್ನ ಆ ಕಣ್ಣೀರಿಗೆ ನಾನು ಚೈನಾ ಗ್ರಾಸ್ ಹುಡುಕಿದೆ. ಸಮುದ್ರದ ಪಾಚಿಯ ಪುಡಿ. ಎಲುಬಿಗಿಂತ ತುಟ್ಟಿ, ಎಲುಬಿಗಿಂತ ಹಟಮಾರಿ. ಹನ್ನೊಂದು ದಿನ ನಾದಿದ್ದೆಲ್ಲ ನಮ್ಮ ಕರಿಮಣ್ಣಿನ ಹೊಲದ ಹಾಗೆ ಬಿರುಕು ಬಿಟ್ಟಿತು. ಹನ್ನೆರಡನೆಯ ದಿನ ಗ್ಲೂಕೋಸು ಹೆಚ್ಚಿಸಿ ಒಂದು ಚಮಚ ತುಪ್ಪ ಬಿಟ್ಟ ಮೇಲೆ ಕೈಗೆ ಬಂತು. ಅಂದಿನಿಂದ ನನ್ನ ಮನೆಗೆ ಜಿಲಾಟಿನ್ ಬಂದಿಲ್ಲ. ನನಗೇನು ಅದರ ಹೇಸಿಗೆಯೆ? ಇಲ್ಲ. ನಿನಗಾಗಿ. ಇದು ನಿನಗೆ ಗೊತ್ತು. ಗೊತ್ತಿದ್ದೂ ಸಹಿ ಕೇಳುತ್ತಿದ್ದೀ.

ಸಾಮಾನು ಕೊಳ್ಳಲು ನಮ್ಮ ಹತ್ತಿರ ಏನಿತ್ತು? ನಿನ್ನ ಹಳೆಯ ಬಳೆಗಳೇ ಗುಂಡು ಕತ್ತರಿಸುವ ಅಚ್ಚು. ಅವ್ವನ ಬಾಚಣಿಕೆಯಿಂದ ಎಲೆಯ ಗೆರೆ. ಗೊಂಬೆಯ ಕೂದಲಿಗೆ ಶಾವಿಗೆ ಒರಳು. ಕೆಂಪಿಗೆ ಬೀಟ್‌ರೂಟ್, ಹಸಿರಿಗೆ ಪಾಲಕ, ಹಳದಿಗೆ ಅರಿಶಿನ. ಕೇಕಿನ ಮೇಲೆ ಹೆಸರು ಬರೆಯುವ ಕೈ ಮಾತ್ರ ದಲಿತ ಸಂಘಟನೆಯದು. ಗೋಡೆಗಳ ಮೇಲೆ 'ಭೂಮಿ ನಮ್ಮದು' ಅಂತ ಬರೆದ ಕೈಯೇ ನಿಮ್ಮ ಸಾಹುಕಾರರ ಮಕ್ಕಳಿಗೆ 'ಹ್ಯಾಪಿ ಬರ್ತ್‌ಡೇ' ಬರೆದದ್ದು. ಸಂಗಾತಿಗಳು ನಕ್ಕರು. "ಕ್ರಾಂತಿಗಿ ಕ್ರೀಮು ಹಚ್ಚಾಕತ್ತೀಯೇನು ಪರಿಮಳಾ?" ಅಂದರು. ನಗಲಿ ಅಂದೆ.

ಶಿವರಂಜನಿ ನವಿಲು ಬೇಕು ಅಂದಳು. ಆ ಬಣ್ಣಕ್ಕೆ ಬೇಲಿಯ ಶಂಖಪುಷ್ಪ ಕುದಿಸಿದೆ. ನಲವತ್ತಮೂರು ಡಿಗ್ರಿ ಬಿಸಿಲಲ್ಲಿ ಸಕ್ಕರೆ ಬೆವರುತ್ತದೆ. ಮೂರು ದಿನ ಬೆಳಿಗ್ಗೆ ಐದಕ್ಕೆದ್ದು ಒಂದೊಂದೇ ಗರಿ ಮಾಡಿ, ಡಬ್ಬಿಗೆ ಹಸಿ ಗೋಣಿ ಸುತ್ತಿ ಶನಿವಾರ ಹಸನಸಾಬನ ಕೈಗೆ ಕೊಟ್ಟೆ. ನಾನು ಕಳಿಸಿದ್ದು ಆ ನವಿಲು. ನವಿಲೊಂದೇ.

ಬಿಳಿ ಹೊದಿಕೆ ನೀನು ಮಾಡಿದ್ದು. ಬೇಕರಿಯ ಬಿಳಿ ಮೆತ್ತನೆ ಮಿಠಾಯಿಯ ಪ್ಯಾಕೆಟ್ ತಂದು, ಕರಗಿಸಿ, ಸಕ್ಕರೆ ಕಲಸಿ. "ನೋಡು, ನಿನ್ನ ಹನ್ನೊಂದು ದಿನದ ಕೆಲಸ ಹತ್ತು ನಿಮಿಷದಾಗ ಮುಗಿಸೀನಿ. ಸಸ್ತಾನೂ ಆತು" ಅಂತ ಭಾನುವಾರ ನೀನೇ ಫೋಟೋ ಕಳಿಸಿದ್ದೆ. ಇವತ್ತು ಅದನ್ನು ತೆಗೆದು ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಪ್ಯಾಕೆಟ್ಟಿದೆ. ಹಸಿರು ಚುಕ್ಕೆ ಇರಬೇಕಾದ ಕಡೆ ಕಂದು ತ್ರಿಕೋನ, ಮಾಂಸಾಹಾರದ ಗುರುತು. ಆ ಮಿಠಾಯಿ ಮೆತ್ತಗಾಗುವುದೇ ಜಿಲಾಟಿನ್‌ನಿಂದ. ನಿನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ. ಗೊತ್ತಾದ ಮೇಲೆ ಮಾಡಿದ್ದು ತಪ್ಪು.

ಆ ಫೋಟೋ ನಿನ್ನ ಗಿರಾಕಿಗಳ ಗುಂಪಿಗೆ ಕಳಿಸಲು ಒಂದು ಬೆರಳು ಸಾಕು. ಇವತ್ತು ಎರಡು ಸಲ ಬೆರಳು ಅಲ್ಲಿಗೆ ಹೋಗಿ ತಿರುಗಿ ಬಂದಿದೆ. ಕಳಿಸುವುದಿಲ್ಲ. ಯಾಕೆಂಬುದಕ್ಕೆ ಕಾರಣವಿದೆ, ಅದು ನನ್ನ ಒಳ್ಳೆಯತನವಲ್ಲ.

ಚೀಟಿಯನ್ನು ಅವ್ವನಿಗೆ ಓದಿ ಹೇಳಿದೆ. ಸಹಿ ಮಾಡು ಅಂತಾಳೆ ಅಂದುಕೊಂಡಿದ್ದೆ, ಮನೆ ನಡೆಯುವುದೇ ಈ ಕೆಲಸದಿಂದ. ಅವ್ವ ಜ್ವಾಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. "ಗೌಡರ ಎತ್ತು ಸತ್ತಾಗ ತೊಗಲಿನ ಆಸೆಗಿ ವಿಷ ಹಾಕ್ಯಾನಂತ ನಮ್ಮಪ್ಪನ ಮ್ಯಾಲ ಹೇಳಿದ್ರು. ಕಾಗದ ಮುಂದಿಟ್ರು, ಹೆಬ್ಬಟ್ಟು ಒತ್ತಿದ. ಏನು ಬರದಾರ ಅಂತ ಅವಗ ಗೊತ್ತಿರಲಿಲ್ಲ. ಒತ್ತಿ ಊರು ಬಿಟ್ಟ" ಅಂದಳು. ಆಮೇಲೆ ಮೊರ ಕೆಳಗಿಟ್ಟು ನನ್ನ ಕಡೆ ನೋಡಿದಳು. "ನಿನಗ ಓದಾಕ ಬರ್ತದಲ್ಲ?"

ಬರುತ್ತದೆ, ಮಲ್ಲೇಶ್ವರಿ. ಬರೆಯಲೂ ಬರುತ್ತದೆ. ದನ ಸತ್ತರೆ ಎಳೆಯಲು ನಾವು, ಅದರ ಎಲುಬು ಕಾರ್ಖಾನೆ ಸುತ್ತಿ ಬಣ್ಣದ ಪ್ಯಾಕೆಟ್ಟಿನಲ್ಲಿ ನಿಮ್ಮ ಪಡಸಾಲೆಗೆ ಬಂದರೆ ಅದಕ್ಕೂ ನಾವೇ! ನಿನ್ನ ಅತ್ತೆ ದಿನವೂ ಊಟವಾದ ಮೇಲೆ ನುಂಗುವ ಕೆಂಪು ಹಳದಿ ಗುಳಿಗೆಯ ಚಿಪ್ಪು ಯಾತರದ್ದೆಂದು ಕೇಳಿ ನೋಡು. ಅದನ್ನು ಗಟಾರಕ್ಕೆ ಹಾಕಿಸುತ್ತಾರೆಯೆ? ಆ ಚಿಪ್ಪು ಮಾಡಿದವರ ಜಾತಿ ವಿಚಾರಿಸುತ್ತಾರೆಯೆ?

ನೀನು ಕೇಳಿದ್ದು ಬರಹ. ತಗೋ, ಅತ್ತೆಯ ಮುಂದೆ ಓದಲು ಬೇಕಾದಷ್ಟನ್ನು ಇಲ್ಲೇ ಬರೆಯುತ್ತೇನೆ:

'ಗೊಲ್ಲಾಳಮ್ಮನವರಿಗೆ. ಶಿವರಂಜನಿಯ ಕೇಕಿನ ಮೇಲೆ ಕೂತಿದ್ದ ನವಿಲು ನನ್ನದು. ಮೂರು ವರ್ಷದಿಂದ ನಿಮ್ಮ ಮನೆಯ ಕೇಕುಗಳ ಮೇಲೆ ಕೂತ ಹೂವು, ಗೊಂಬೆ, ಅಕ್ಷರ ಎಲ್ಲವೂ ನನ್ನವು. ನವಿಲಿನಲ್ಲಿ ಎಲುಬಿಲ್ಲ. — ಪರಿಮಳಾ, ಅಂಬ್ರಪ್ಪನ ಮೊಮ್ಮಗಳು.'

ಇಷ್ಟಕ್ಕೆ ಮಾತ್ರ ನನ್ನ ಸಹಿ. ಹೊದಿಕೆಯ ಮಾತನ್ನು ನೀನು ಹೇಳಬೇಕು, ನಿನ್ನ ಬಾಯಿಂದ. ಹೇಳಿದರೆ ಮನೆಯಲ್ಲಿ ನಾಲ್ಕು ದಿನ ಮಾತು ಬಿಡುತ್ತಾರೆ, ನಿನ್ನ ಓವನ್ನಿಗೆ ಬೀಗ ಬೀಳಬಹುದು. ಗೊತ್ತು. ಹೇಳದಿದ್ದರೆ ನನ್ನ ಡಬ್ಬಿ ಇನ್ನು ಸುರಪುರದ ಬಸ್ ಹತ್ತುವುದಿಲ್ಲ. ನಾಳೆ ನಮ್ಮ ಮನೆಯ ಗೋಡೆಗೆ ನಾನೇ ಬೋರ್ಡು ಬರೆಯುತ್ತೇನೆ, ಪೂರ್ತಿ ಹೆಸರಿನಿಂದ. ಸೋಮವಾರ, ಹದಿನಾಲ್ಕರ ಜಯಂತಿಗೆ ನಮ್ಮ ಓಣಿಯ ದೊಡ್ಡ ಕೇಕು ನನ್ನದೇ. ಆಮೇಲೆ ಯಾರು ಕೊಳ್ಳುತ್ತಾರೋ, ಯಾರು ಹಾದುಹೋಗುತ್ತಾರೋ, ಗೊತ್ತಿಲ್ಲ. ಹೆದರಿಕೆ ಇಲ್ಲ ಅಂತ ಬರೆಯುವುದಿಲ್ಲ, ಇದೆ.

ಡಬ್ಬಿಯಲ್ಲಿ ಒಂದು ಪೊಟ್ಟಣ ಚೈನಾ ಗ್ರಾಸ್ ಇಟ್ಟಿದ್ದೇನೆ. ಯಾರಿಗೂ ಹೇಳದ ಅಳತೆಯನ್ನು ಅದರ ಬೆನ್ನಿಗೆ ಬರೆದಿದ್ದೇನೆ. ಬರಿದು ಕಳಿಸಲು ನನ್ನಿಂದ ಆಗಲಿಲ್ಲ.

ಗೆಳತಿ ಹೌದೋ ಅಲ್ಲವೋ ನೀನೇ ಹೇಳಬೇಕಾದ,

ಪರಿಮಳಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ವಾಟ್ಸಾಪಿನಲ್ಲಿ ಆ ಫೋಟೋದ ಕೆಳಗೆ ಎರಡು ನೀಲಿ ಗೀಟು ಬಿದ್ದಿವೆ, ನೋಡು. ಅವು ಇವತ್ತಿನವಲ್ಲ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವು. ಆಗಲೇ ನನಗೆ ಕಂದು ತ್ರಿಕೋನ ಕಂಡಿತ್ತು. ಸಂಜೆ ಆರರವರೆಗೆ ಹೊತ್ತಿತ್ತು. ನಾನು ಒಂದು ಫೋನ್ ಮಾಡಿದ್ದರೆ ನೀನು ಹೊದಿಕೆ ಕಿತ್ತು ಬೇರೆ ಹಚ್ಚುತ್ತಿದ್ದೆ. ಮಾಡಲಿಲ್ಲ. ಹಸನಸಾಬನ ಮನೆಯವರನ್ನು ಕರೆದಿದ್ದೀ ಅಂತ ಶನಿವಾರ ಅವನೇ ಹೇಳಿದ್ದ. ಅವರನ್ನು ಕರೆದವಳು ನನ್ನನ್ನು ಕರೆದಿರಲಿಲ್ಲ, ಎಲ್ಲರೂ ತಿನ್ನಲಿ ಅಂದುಕೊಂಡು ಫೋನು ಬೋರಲು ಹಾಕಿದೆ. ಆದರೆ ಶುಕ್ರವಾರ ನವಿಲಿನ ಕೆಲಸ ಎಲ್ಲಿಗೆ ಬಂತು ಅಂತ ಕೇಳಲು ಫೋನ್ ಮಾಡಿದ ನಿನ್ನ ಮಗಳು "ಚಿಗವ್ವ, ನೀನೂ ಬರ್ತಿಯಲ್ಲ?" ಅಂದಿದ್ದಳು, ಅಷ್ಟರಲ್ಲಿ ನೀನು ಫೋನ್ ಕಸಿದುಕೊಂಡೆ. ಆ ಮನೆಯಲ್ಲಿ ನನ್ನನ್ನು ಕರೆದವಳು ಅವಳೊಬ್ಬಳೇ. ಅವಳ ಕೇಕು ಗಟಾರಕ್ಕೆ ಹೋಯಿತು. ಇದನ್ನು ಅತ್ತೆಯ ಮುಂದೆ ಓದುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ, ಇದಕ್ಕೂ ನನ್ನ ಸಹಿ ಇದೆ. — ಪರಿಮಳಾ