ಮೇಸ್ತ್ರಿ ಮಾಮ ಚಾಚಿದ ಕೈ

ಅಪ್ಪಾ,

ನಿನ್ನ ಜೀವ ತೆಗೆದ ಗರಗಸದ ಮುಚ್ಚಳ ಭದ್ರವಾಗಿಯೇ ಇತ್ತೆಂದು ನಿನ್ನ ಮಿಲ್ಲಿನ ಮೇಸ್ತ್ರಿ ಮಾಮ ಬೈಬಲ್ ಮುಟ್ಟಿ ಹೇಳಿದರು. ಕೋರ್ಟು ನಂಬಿತು, ಮಿಲ್ಲಿನ ಮಾಲೀಕರು ಬಿಡುಗಡೆಯಾದರು.

ಇವತ್ತು ಚರ್ಚಿನಲ್ಲಿ, ಪಕ್ಕದವರ ಕೈಹಿಡಿದು ಸಮಾಧಾನ ಹಾರೈಸುವ ಹೊತ್ತಿಗೆ, ಮಾಮ ಅಮ್ಮನ ಮುಂದೆ ಕೈ ಚಾಚಿದರು.

"ಬೈಬಲ್ ಮುಟ್ಟಿದ್ದೂ ಇದೇ ಕೈಯಲ್ವಾ ಮೇಸ್ತ್ರಿ? ಮೊದಲು ತೊಳ್ಕೊಂಡು ಬಾ," ಅಂದಳು ಅಮ್ಮ.

ಮಾಮ ಕೈ ಹಿಂತೆಗೆದುಕೊಂಡರು. ದೇವರು ಎಂದಿನಂತೆ ಸುಮ್ಮನಿದ್ದ. ಅವನು ದೂರ ಸರಿದು ನಿಂತನೆಂದು ನಾನು ವರ್ಷದಿಂದ ದೂರುತ್ತಲೇ ಇದ್ದೇನೆ.

ಆ ಮುಚ್ಚಳ ಮುರಿದದ್ದನ್ನು ನೀನು ಕರೆದು ತೋರಿಸಿದ್ದು ನನಗೊಬ್ಬಳಿಗೇ. ಸಾಕ್ಷಿ ಹೇಳಬೇಕಾದ ದಿನ, ಕಾಲೇಜಿನಲ್ಲಿ ಪರೀಕ್ಷೆಯಿದೆಯೆಂದು ವಕೀಲರಿಗೆ ಹೇಳಿಕಳಿಸಿ ಮನೆಯಲ್ಲೇ ಕೂತಿದ್ದೆ.

ಅಮ್ಮ ನನ್ನ ಕಡೆ ತಿರುಗಿ, ಎರಡೂ ಕೈ ಹಿಡಿದು, "ಸಮಾಧಾನ ಇರಲಿ ಮಗಳೇ" ಅಂದಳು. ಆ ದಿನ ಪರೀಕ್ಷೆ ಇರಲೇ ಇಲ್ಲವೆಂದು ಅವಳಿಗೆ ಗೊತ್ತಿಲ್ಲ. ನಾನು ಕೈ ಬಿಡಿಸಿಕೊಳ್ಳಲಿಲ್ಲ.